ಪನೇಲ ಕಲಿತದ್ದು

ಪನೇಲ ಅಂದರೆ ನಮ್ಮಲ್ಲಿ ಬೆಲ್ಲ.
ಕಬ್ಬಿನ ಹಾಲು ಕುದಿಸಿ ಅಚ್ಚಿಗೆ ಸುರಿದದ್ದು.
ಅದೇ ಬಣ್ಣ ಇವಳದ್ದು, ಅಂಚಿನಲ್ಲಿ ತುಸು ಸೀದಿದೆ.
ಬೊಗೊತಾದ ಬಸ್ ನಿಲ್ದಾಣದ ಹಿಂದೆ ಸಿಕ್ಕಾಗ
ಒಂದು ಕಿವಿ ಅರ್ಧ, ಪಕ್ಕೆಲುಬು ಎಣಿಸಬಹುದಿತ್ತು,
ಕೋಲು ಕಂಡರೆ ನಿಂತಲ್ಲೇ ಉಚ್ಚೆ.

ಯಾರ ಕೋಲು, ಎಷ್ಟು ದಿನ, ಹೇಳಲಿಲ್ಲ ಅವಳು.
ನಾಯಿಗಳು ಚಾಡಿ ಹೇಳುವುದಿಲ್ಲ.

ಅಂಥವಳನ್ನು ಎಲಿಯೇಸರನಿಗೆ ಕೊಡಬೇಕಂತೆ.
ಎಡಗಾಲು ಮೊಣಕಾಲಿನಿಂದ ಕೆಳಗಿಲ್ಲ.
ಕೃತಕ ಕಾಲು ಉಜ್ಜಿ ಹುಣ್ಣಾದ ದಿನ
ಎರಡು ಊರುಗೋಲಿನ ಮೇಲೆ ಬರುತ್ತಾನೆ, ಟಕ್ ಟಕ್.
ಸದ್ದಿಗೇ ಇವಳು ಮೇಜಿನಡಿ.
"ಬೇರೆ ನಾಯಿ ನೋಡೋಣ," ಅಂದೆ.
"ಕಾಲೂ ಬೇರೆ ನೋಡಿದ್ದಾಯಿತಲ್ಲ," ಅಂದ, "ಇದೇ ಇರಲಿ."

ಮೊದಲ ದಿನ ಊರುಗೋಲನ್ನು ನೆಲಕ್ಕೆ ಮಲಗಿಸಿದೆವು,
ಸತ್ತ ಹಾವಿನ ಹಾಗೆ ಬಿದ್ದಿತ್ತು ಅದು.
ಮೂರು ಮಾರು ದೂರದಲ್ಲಿ ಬೇಯಿಸಿದ ಕೋಳಿಯ ಚೂರು.
ಎರಡನೇ ದಿನ ಎರಡೂವರೆ ಮಾರು.
ಒಂಬತ್ತನೇ ದಿನ ಯಾರೋ ಬಾಗಿಲು ಬಡಿದು
ಎಲ್ಲ ಮತ್ತೆ ಮೊದಲಿಂದ.
ಊಸ್ಮೆಯ ಗುಡ್ಡದ ಮೇಲೆ ನಮ್ಮ ತಗಡಿನ ಶೆಡ್ಡು,
ಮಧ್ಯಾಹ್ನಕ್ಕೇ ಮಂಜಿಳಿದು ಬೆರಳು ಮರಗಟ್ಟುತ್ತದೆ.
ಎಲಿಯೇಸರ್ ಸಿಮೆಂಟಿನ ನೆಲದ ಮೇಲೆ ಕೂತೇ ಇರುತ್ತಿದ್ದ
ಕೋಳಿ ವಾಸನೆಯ ಕೈ ಚಾಚಿಕೊಂಡು,
ಬೇಡುವವನ ಹಾಗೆ.
ಇಪ್ಪತ್ಮೂರನೇ ದಿನ ಅವಳು
ಕೋಲಿನ ರಬ್ಬರ್ ತುದಿ ನೆಕ್ಕಿದಳು.
ನಾವು ಚಪ್ಪಾಳೆ ತಟ್ಟಲಿಲ್ಲ, ಓಡಿಹೋದಾಳೆಂದು.

ಆಮೇಲಿನದು ಸುಲಭ. ಮೂಗಿನಿಂದ ದೀಪದ ಸ್ವಿಚ್ಚು ಒತ್ತುವುದು,
ಬಿದ್ದ ಕೀಲಿಕೈ ಎತ್ತಿ ಕೊಡುವುದು,
ಜನಜಂಗುಳಿಯಲ್ಲಿ ಅವನ ಬೆನ್ನಿಗೆ ಬೆನ್ನಾಗಿ ನಿಲ್ಲುವುದು.
ಕಷ್ಟದ್ದು ಒಂದೇ, ಉಸಿರು.
ಮನುಷ್ಯನ ಉಸಿರು ದಾರಿ ತಪ್ಪಿತೆಂದರೆ
ತಿನ್ನುತ್ತಿರುವುದನ್ನೂ ಬಿಟ್ಟು ಬರಬೇಕು,
ತೊಡೆಯ ಮೇಲೆ ಗದ್ದವಿಟ್ಟು ಭಾರ ಹಾಕಬೇಕು,
ಉಸಿರು ಮನೆಗೆ ಮರಳುವ ತನಕ ತೆಗೆಯಬಾರದು.
ನಾನು ನಟಿಸಿ ಕಲಿಸಿದೆ: ಏದುಸಿರು, ಬಿಕ್ಕು, ಹಿಡಿದಿಟ್ಟ ಉಸಿರು.
ಮೊದಮೊದಲು ಬಂದಳು. ಆಮೇಲೆ ನನ್ನತ್ತ ನೋಡಿ
ಆಕಳಿಸಿ ಮಲಗಿದಳು.
ಸುಳ್ಳು ಉಸಿರಿಗೆ ಏಳುವವಳಲ್ಲ.

ಜೂನಿನ ಒಂದು ಗುರುವಾರ
ಬಿಸಿನೀರಿಗೆ ಬೆಲ್ಲ ಕರಗಿಸಿ ಕುಡಿಯುತ್ತಾ
ಎಲಿಯೇಸರ್ ತಾನಾಗಿ ಬಾಯಿಬಿಟ್ಟ.
ಓರ್ತೆಗುವಾಸ ನದಿಯ ಎಡದಂಡೆ, ಬಾಳೆತೋಟದ ಕಾಲುದಾರಿ.
ಮುಂದಿನವನು ದಾಟಿದ, ಅವನ ಮುಂದಿನವನೂ ದಾಟಿದ್ದ.
ನೆಲದೊಳಗೆ ಹಾಲಿನಪುಡಿಯ ಡಬ್ಬಿಯೊಂದು
ಇವನಿಗಾಗಿಯೇ ಕಾದಿತ್ತು.
"ಇಟ್ಟವರು ಹುಡುಗರೇ ಇರಬೇಕು," ಅಂದ.
"ಕೆಸರಲ್ಲಿ ಸಣ್ಣ ಸಣ್ಣ ಹೆಜ್ಜೆ, ರಬ್ಬರ್ ಬೂಟಿನವು."
ಇಸವಿ ಹೇಳಿದ.
ತಿಂಗಳನ್ನೂ ಹೇಳಿದ.

ನನ್ನ ತಮ್ಮ ವಿಲ್ಮರ್ ಹೋದಾಗ ಹದಿನಾರು.
ಕಾಡಿನವರು ಕರೆದರು, ಹೊಸ ಬೂಟು ಕೊಟ್ಟರು, ಹೋದ.
ಒಂದೇ ಒಂದು ಚೀಟಿ ಬಂದಿತ್ತು, ಅದರಲ್ಲಿ ಇದೇ ನದಿ.
ಮೀನು ಹಿಡಿಯುತ್ತೇನೆ, ಅಮ್ಮನಿಗೆ ಹೇಳು, ಅಂತ.
ಈ ಕೆಲಸದ ಅರ್ಜಿಯಲ್ಲಿ
'ಒಡಹುಟ್ಟಿದವರು' ಎಂಬಲ್ಲಿ ನಾನು ಗೆರೆ ಎಳೆದಿದ್ದೆ.

ನಾನು ಅಲುಗಲಿಲ್ಲ. ಕೈಲಿದ್ದ ಲೋಟ ಅಲುಗಲಿಲ್ಲ.
ಮುಖವನ್ನು ಮುಖದ ಹಾಗೇ ಇಟ್ಟುಕೊಂಡಿದ್ದೆ.
ಪನೇಲ ಎದ್ದಳು ಅವನ ಕಾಲಬುಡದಿಂದ,
ಮಲಗಿದ್ದ ಊರುಗೋಲು ದಾಟಿ ಬಂದು
ನನ್ನ ತೊಡೆಯ ಮೇಲೆ ಗದ್ದವಿಟ್ಟು
ಭಾರ ಹಾಕಿದಳು.
ನಾಯಿ ಚಾಡಿ ಹೇಳುವುದಿಲ್ಲ ಅಂದಿದ್ದೆನಲ್ಲ.

ಅವನು ಅವಳನ್ನು ವಾಪಸು ಕರೆಯಲಿಲ್ಲ.
ತಗಡಿನಂಚಿಂದ ಮಂಜು ಹನಿಯುವ ಸದ್ದು.
ನಾಯಿಯನ್ನು ನೋಡಿದ, ನನ್ನನ್ನು ನೋಡಿದ,
ಲೋಟವನ್ನು ನೆಲಕ್ಕಿಟ್ಟು ಮೆಲ್ಲಗೆ ಕೇಳಿದ:
"ನಿಮ್ಮವರು ಯಾರಿದ್ದರು ಅಲ್ಲಿ?"

ಪನೇಲ ಗದ್ದ ತೆಗೆದಿಲ್ಲ ಇನ್ನೂ.