ಮನೆಯಲ್ಲಿ ಅರ್ಥ ಇಲ್ಲ

ಮೊದಲ ದಿನ ಅದು ಏನನ್ನೂ ಹಿಡಿಯಲಿಲ್ಲ.
ಶಾಸನಗಳ ಪಾಠ, ಒಂಬತ್ತು ಪುಟ ಓದಿ
ನಿಲ್ಲಿಸಿ, ಹಿಂದೆ ಸರಿಸಿ ಕೇಳಿದರೆ
ಇಪ್ಪತ್ತೆರಡು ನಿಮಿಷದ ಮೌನ
ಅಚ್ಚುಕಟ್ಟಾಗಿ ಸೇವ್ ಆಗಿದೆ.
ಹೆಸರು ಬೇರೆ ಇಟ್ಟಿದ್ದೆ: ತಿಪ್ಪೇಶ, ಪಾಠ ಒಂದು.

ತಿಪ್ಪೇಶ ಹಿಂದಿನ ಓಣಿಯ ಹುಡುಗ, ಬಿ.ಎ. ಎರಡನೇ ವರ್ಷ.
ಕಣ್ಣಿಲ್ಲ ಅಂತ ಅವನೇ ಸಲೀಸಾಗಿ ಹೇಳುತ್ತಾನೆ,
ತಡವರಿಸುವವರು ನಾವು.
ಬೆರಳಲ್ಲಿ ಓದುವ ಪುಸ್ತಕ ಈ ಪೇಪರಿಗೆ ಬಂದಿಲ್ಲ,
ಪರೀಕ್ಷೆ ಬಂದಿದೆ.

ಕಂಪ್ಯೂಟರು ಮುಚ್ಚಿಹೋದ ಸೈಬರ್ ಕೆಫೆಯ ಮಾಲು.
ಅದರ ಬೆನ್ನು ಗೋಡೆಗೆ, ನನ್ನ ಕೆನ್ನೆ ನೆಲಕ್ಕೆ,
ಟಾರ್ಚು ಹಲ್ಲಿನಲ್ಲಿ.
ಧೂಳಿನ ನಡುವೆ ಒಂದು ಮಂಡಕ್ಕಿ ಕಾಳು
(ಭಟ್ಟಿ ಓಣಿಯಲ್ಲಿ ಅದು ಹೋಗದ ಜಾಗವುಂಟೆ)
ಮತ್ತು, ಗುಲಾಬಿ ತೂತಿನಲ್ಲಿರಬೇಕಾದ ಪಿನ್ನು
ಹಸಿರಿನಲ್ಲಿ.
ಹಸಿರು ಬಾಯಿ, ಗುಲಾಬಿ ಕಿವಿ.
ಅಷ್ಟೂ ಹೊತ್ತು ನಾನು ಬಾಯಿಗೆ
ಕಿವಿಮಾತು ಹೇಳಿದ್ದೆ.

ಬದಲಿಸಿದೆ. ಆದರೂ ಮೌನ.
ಒಳಗೆ ಹೋಗಿ ನೋಡಿದರೆ ಮೂರು ಮೈಕುಗಳ ಹೆಸರು,
ಇರುವುದೊಂದೇ.
ಯಾವಾಗಲೋ ಯಾರೋ ಕಿತ್ತುಕೊಂಡು ಹೋದ ಕ್ಯಾಮೆರಾದ ಮೈಕನ್ನೇ
ಪೆಟ್ಟಿಗೆ ಇನ್ನೂ ನೆಚ್ಚಿಕೊಂಡು ಕೂತಿತ್ತು.
ಬಿಡಿಸಿದೆ. ಮ್ಯೂಟ್ ಅನ್ನುವ ಚೌಕದ ಗುರುತು ತೆಗೆದೆ.
ಹಸಿರು ಗೀಟು ನಡುಗಿತು.
ಹಲೋ ಅಂದೆ, ಏರಿತು.
ಹಲೋ ಆದ ಮೇಲೆ ಏನು ಹೇಳಬೇಕೋ ಹೊಳೆಯದೆ
ಹಾಲಿನ ಲೆಕ್ಕ ಹೇಳಿದೆ:
ಸೋಮವಾರ ಅರ್ಧ, ಮಂಗಳವಾರ ಇಲ್ಲ, ಬುಧವಾರ ಒಂದು.

ಕೇಳಿದರೆ, ಹಾಲಿನ ಕೆಳಗೆ ಗುಂಯ್.
ಕಾಟನ್ ಮಿಲ್ಲು ಮುಚ್ಚಿ ಎಷ್ಟು ವರ್ಷವಾಯಿತು!
ಆದರೂ ನನ್ನ ಮಾತಿನ ತಳದಲ್ಲಿ
ಮಗ್ಗದ ಪಾಳಿ ನಡೆಯುತ್ತಲೇ ಇದೆ.
ಫ್ಯಾನು ಆರಿಸಿದೆ. ಟ್ಯೂಬ್‌ಲೈಟು ಆರಿಸಿದೆ. ಫ್ರಿಜ್ಜು ಆರಿಸಿದೆ,
ಬೆಣ್ಣೆ ಕರಗಿತು,
ಗುಂಯ್ ಕರಗಲಿಲ್ಲ.

ಬೇಸತ್ತು ಪೆಟ್ಟಿಗೆಯ ತಗಡಿನ ಮೇಲೆ ಕೈಯಿಟ್ಟೆ.
ನಿಂತಿತು.
ತೆಗೆದೆ, ಶುರು.
ಇಟ್ಟೆ, ನಿಂತಿತು. ತಟ್ಟುವ ಕೈ ಸರಿದರೆ
ಮತ್ತೆ ರಾಗ ತೆಗೆಯುವ ಕೂಸಿನ ಹಾಗೆ.
ಎರಡನೇ ಪಾಠ ಹಾಗೇ ಓದಿದೆ:
ಎಡಗೈ ತಗಡಿನ ಮೇಲೆ, ಬರಿಗಾಲು ನೆಲದ ಮೇಲೆ,
ಪುಟ ಮಗುಚಲು ಬಲಗೈ.
ಮೊಣಕೈತನಕ ಸಣ್ಣ ಜುಮ್ಮು.
ಕದಂಬರು, ಗಂಗರು, ನೊಳಂಬರು ಸಾಲಾಗಿ
ನನ್ನ ಮೈಯಿಂದ ನೆಲಕ್ಕಿಳಿದರು.

ಚಮನ್‌ಸಾಬ್ ಬಂದರು. ಪ್ಲಗ್ಗಿನ ಮೂರನೇ ತೂತಿಗೆ
ಬಲ್ಬಿನ ತಂತಿ ಹಚ್ಚಿ ನೋಡಿ, ಹತ್ತಲಿಲ್ಲ,
'ಅಮ್ಮಾ, ನಿಮ್ ಮನ್ಯಾಗ ಅರ್ಥನೇ ಇಲ್ಲ' ಅಂದರು.
ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇನೆ,
ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ.
ಒಳಗೆ ಪೇಪರು ಓದುತ್ತಿದ್ದ ನಮ್ಮವರು
ಒಮ್ಮೆ ಕೆಮ್ಮಿದರು.

ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮಗ್ಗುಲಿಗೆ
ಮಣ್ಣಲ್ಲಿ ಹೂತ ಪೈಪಿನ ತುದಿ.
ದಿನಾ ಅದಕ್ಕೆ ಹಗ್ಗ ಕಟ್ಟಿ ಲಂಗ ಒಣಗಿಸಿದ್ದೇನೆ.
ಚಮನ್‌ಸಾಬ್ ತುಕ್ಕು ಉಜ್ಜಿದರು, ನಟ್ಟು ಬಿಗಿದರು.
'ಇದ್ದಲಿ ಹಾಕ್ಯಾರ, ಉಪ್ಪು ಹಾಕ್ಯಾರ, ನೀರು ಯಾರೂ ಹಾಕಿಲ್ಲ.
ವಾರಕ್ಕೊಂದು ಕೊಡ ಹಾಕ್ರಿ, ಮರೀಬ್ಯಾಡ್ರಿ,
ತುಳಸಿಗೆ ಹಾಕ್ತೀರಲ್ಲ, ಹಂಗ.'
ಹಾಕಿದೆ. ಗಟಗಟ ಕುಡಿಯಿತು.
ಬಹಳ ದಿನದ ದಾಹ.

ಮೂರನೇ ಪಾಠ ಕೇಳಿ ತಿಪ್ಪೇಶ ಫೋನು ಮಾಡಿದ:
'ಅಕ್ಕ, ಎರಡನೇದ್ರಾಗ ನೀವು
ಏನೋ ಗಟ್ಟಿ ಹಿಡ್ಕೊಂಡು ಓದಿದಂಗಿತ್ತು.
ಈಗ ಬಿಟ್ಟೀರಿ.'
ಹೌದೋ ಮಾರಾಯ, ಅಂದೆ.
ಏನನ್ನು ಅಂತ ಅವನೂ ಕೇಳಲಿಲ್ಲ.

ಇವತ್ತು ಗುರುವಾರ.
ಕೊಡ ಇಟ್ಟಿದ್ದೇನೆ,
ನಲ್ಲಿ ಸಣ್ಣಗೆ ಬರುತ್ತಿದೆ.