ಶುಕ್ರವಾರದ ಸಂಡೇ ಸ್ಕೂಲು

ಸೊಹಾರಿನಲ್ಲಿ ಕರ್ತನ ದಿನ ಶುಕ್ರವಾರಕ್ಕೇ ಬರುತ್ತದೆ.
ಬಾಡಿಗೆಯ ಹಾಲು, ಹನ್ನೊಂದು ಮಕ್ಕಳು,
ಕೂಲರಿನ ಗೊರಗೊರ.
ಇವತ್ತಿನ ಪಾಠ: ಹಡಗು ಹತ್ತಿ ಹೋದ ಇಂಗ್ಲಿಷರು,
ತಮ್ಮದೇ ರೀತಿಯಲ್ಲಿ ಮೊಣಕಾಲೂರಲು
ಅಮೆರಿಕದಲ್ಲಿ ನೆಲ ಹುಡುಕಿದವರು.

ಮೊದಲ ಚಳಿಗಾಲಕ್ಕೇ ಅರ್ಧ ಜನ ಮಣ್ಣಾದರು, ಎಂದೆ.
ರಾತ್ರಿ ಹೂತು, ಗುರುತು ಸಿಗದಂತೆ
ನೆಲ ಸಮ ಮಾಡಿದರಂತೆ.
ಶರೋನ್ ಪೆನ್ಸಿಲ್ ಕಚ್ಚುತ್ತ ಕೇಳಿದಳು:
“ಮತ್ತೆ ಸ್ತೋತ್ರ ಹೇಳಿದ್ದು ಯಾಕೆ ಮಿಸ್?”

ಪುಸ್ತಕದಲ್ಲಿ ಉತ್ತರ ಇತ್ತು. ಓದಲಿಲ್ಲ.
ನನಗೆ ಮಾವ ನೆನಪಾದರು,
ಎಲಿಯೇಜರ್ ಅಮ್ಮನ್ನ, ವೆಲ್ಡರ್,
ತಾಮ್ರದ ಕಾರ್ಖಾನೆ ಇನ್ನೂ ಬರೀ ಕಂಬಗಳಾಗಿದ್ದಾಗ ಬಂದವರು.
“ನಮ್ಮದು ಚಳಿಗಾಲವಲ್ಲ ಮಗಳೇ, ಜುಲೈ.”
ತಗಡಿನ ಕೋಣೆ, ಆರು ಮಂಚ,
ನಲ್ಲಿ ತಿರುಗಿಸಿದರೆ ಚಹಾಕ್ಕೆ ಕಾದ ನೀರು.
ದೀಪ ಆರಿಸಿ, ಫೋರ್‌ಮನ್‌ಗೆ ಕೇಳದಂತೆ
ನಾಲ್ಕು ಜನ ತುಟಿಯಲ್ಲೇ ಕೀರ್ತನೆ.
ಮೂರನೇ ಚರಣದಲ್ಲಿ ಯಾವಾಗಲೂ ತಪ್ಪುವವನು
ಮನುವೇಲ ಸಾಲಿನ್ಸ್.
ಆಗಸ್ಟ್ ಹದಿನಾಲ್ಕು, ಮಧ್ಯಾಹ್ನ, ಏಣಿಯ ಬುಡದಲ್ಲಿ
ಕೂತವನು ಕೂತೇ ಇದ್ದ.
ಹೂಳಲಿಕ್ಕೂ ಕಾಗದ ಬೇಕಿತ್ತು: ಹತ್ತೊಂಬತ್ತು ದಿನ.
“ಅಷ್ಟೂ ರಾತ್ರಿ ಹಾಡಿದೆವು.
ಮೂರನೇ ಚರಣದಲ್ಲಿ ಬೇಕೆಂದೇ ತಪ್ಪಿದೆವು.”
ಇಷ್ಟು ಹೇಳಿ ಮಾವ
ತಟ್ಟೆಯಲ್ಲೇ ಕೈ ತೊಳೆದುಬಿಡುತ್ತಿದ್ದರು.

ಮುರಾದ್ ಎಂಬ ಬಲೂಚಿ ಮೀನುಗಾರ
ಒಂದು ಸಂಜೆ ಕ್ಯಾಂಪಿನ ತಂತಿಬೇಲಿಯ ಮೇಲಿಂದ
ಒಣಮೀನು, ಒಂದು ಬುಟ್ಟಿ ನಿಂಬೆ ಇಳಿಸಿದನಂತೆ.
ಉಪ್ಪು ಹಿಂಡಿಕೊಂಡು ಕುಡಿಯಿರಿ,
ತಲೆಗೆ ಒದ್ದೆ ಬಟ್ಟೆ ಸುತ್ತಿರಿ,
ಎಲ್ಲ ಕೈಸನ್ನೆಯಲ್ಲೇ.
ಆಮೇಲೆ ಮಾವ ಊಟಕ್ಕೆ ಮುಂಚೆ ಕಣ್ಣು ಮುಚ್ಚಿದರೆ
ದೇವರ ಹೆಸರಿನ ಹಿಂದೆಯೇ ಅವನ ಹೆಸರು.
ಪಾಸ್ಟರ್ ಊಟಕ್ಕೆ ಬಂದ ದಿನವೂ ಬಿಡಲಿಲ್ಲ.

“ಅವರಿಗೂ ಆ ನೆಲದವರೇ ಜೋಳ ಕೊಟ್ಟರು,” ಎಂದೆ,
“ಬಿತ್ತುವುದು ಕಲಿಸಿದರು.”
“ಆಮೇಲೆ, ಜೋಳ ಕೊಟ್ಟವರು ಏನಾದರು?”
ಹಿಂದಿನ ಸಾಲಿನ ಜೋಯಲ್, ಮಾತೇ ಆಡದವನು.

ಮುಂದಿನ ಪುಟದಲ್ಲಿ ಬಣ್ಣ ತುಂಬಲು
ಒಂದು ಟರ್ಕಿ ಕೋಳಿ ಇತ್ತು.
ಅಷ್ಟೇ ಇತ್ತು.

ನಮಗಿಲ್ಲಿ ನೆಲವಿಲ್ಲ, ಎರಡು ವರ್ಷದ ಮುದ್ರೆ ಇದೆ.
ಅದಕ್ಕೂ ಒಮ್ಮೊಮ್ಮೆ
ಸ್ತೋತ್ರ ಹೇಳಬೇಕೆನಿಸುತ್ತದೆ, ಯಾಕೋ.

ಹೊರಗೆ ಜುಮ್ಮಾ ಮುಗಿದು
ಬಿಸಿ ರಸ್ತೆಯಲ್ಲಿ ಚಪ್ಪಲಿಗಳು.
“ಗೊತ್ತು,” ಎಂದೆ ಜೋಯಲ್‌ಗೆ, “ಹೇಳುತ್ತೇನೆ.
ಬಣ್ಣದ ಪೆನ್ಸಿಲು ಕೆಳಗಿಡು.”