ಐವತ್ತೆರಡರಿಂದ ಅರವತ್ತು

ಗಾಡಿ ಒಯ್ದ ನಾಲ್ಕನೇ ದಿನಕ್ಕೆ
ಪುಟ್ಟಲಕ್ಷ್ಮಕ್ಕ ವಾಪಸು ಬಂದಳು.
ಬೇಲೂರು ರಸ್ತೆಯ ನನ್ನ ಶೆಡ್ಡಿನ ಮುಂದೆ ಬ್ರೆಡ್ಡಿನ ಓಮ್ನಿ,
ಹಿಂದೆ ಹನ್ನೆರಡು ತಗಡಿನ ಟ್ರೇ.
ಇಂಜಿನ್ ಆಫ್ ಮಾಡದೆ ಕಿಟಕಿಯಿಂದಲೇ ಹೇಳಿದಳು:
"ಜಬೀ, ಐವತ್ತೆರಡಕ್ಕೆ ಶುರು, ಅರವತ್ತಕ್ಕೆ ಬಂದ್.
ನಡುವೆ ಟ್ರೇಗಳೆಲ್ಲ ಹಲ್ಲು ಕಡೀತವೆ."

ಎಲ್ಲ ಮೆಕ್ಯಾನಿಕ್ಕೂ ಹೇಳುವುದನ್ನೇ ನಾನೂ ಹೇಳಿದೆ.
ಹೊಸ ಕ್ಲಚ್ ಪ್ಲೇಟಕ್ಕಾ, ಸೆಟ್ ಆಗಬೇಕು,
ಇನ್ನೂರು ಕಿಲೋಮೀಟರ್ ಓಡಲಿ.
"ಇನ್ನೂರ ಎಂಬತ್ತು ಓಡಿದೆ."
ಆಗ ಎರಡನೆಯದು ಹೇಳಿದೆ:
ಅದು ಮೊದಲೇ ಇತ್ತಕ್ಕಾ,
ನಿಮಗೆ ಈಗ ಕೇಳಿಸ್ತಾ ಇದೆ, ಅಷ್ಟೆ.

ಅವಳು ಬಿಲ್ ಪುಸ್ತಕ ತೆಗೆದಳು.
ಬನ್ನು ನಲವತ್ತು, ರಸ್ಕು ಹತ್ತು, ದಿಲ್‌ಪಸಂದ್ ಆರು,
ಹಾಳೆ ಮಗುಚಿದರೆ ನನ್ನ ಕೆಲಸದ ಜಾತಕ:

ಬಾಳ್ಳುಪೇಟೆ ಇಳಿಜಾರು, ನ್ಯೂಟ್ರಲ್, ಐವತ್ತೈದು: ಇದೆ.
ನಿಂತ ಗಾಡಿ, ಜೋರು ಆಕ್ಸಿಲರೇಟರ್: ಇಲ್ಲ.
ತಿರುವಿನಲ್ಲೂ ಅಷ್ಟೇ, ನೇರದಲ್ಲೂ ಅಷ್ಟೇ.
ಸ್ಟೇರಿಂಗಿಗೆ ಬರಲ್ಲ, ಸೀಟಿಗೆ ಬರುತ್ತೆ.
ಕೊನೆಗೆ ಬೇರೆ ಪೆನ್ನಿನಲ್ಲಿ, ಹಾಳೆ ಹರಿಯುವಷ್ಟು ಒತ್ತಿ:
ಮಾರ್ಚ್ ಒಂಬತ್ತಕ್ಕೆ ಮುಂಚೆ ಇರಲಿಲ್ಲ.

ಓದುವಾಗಲೇ ನನಗೆ ಗೊತ್ತಾಯಿತು.
ಗೊತ್ತಾದದ್ದು ನಾಲಿಗೆಗೆ ಬರಲು ಮಾತ್ರ ಹೊತ್ತು ಬೇಕಿತ್ತು,
ಆ ಹೊತ್ತಿಗಾಗಿ ಅಂದೆ: ಒಂದು ರೌಂಡ್ ಹೋಗಿ ಬರೋಣ.

ಕಂದಲಿ ದಾಟಿದ ಮೇಲೆ ಅವಳನ್ನೇ ಓಡಿಸಲು ಬಿಟ್ಟು
ಹಿಂದೆ, ಟ್ರೇಗಳ ನಡುವೆ, ಅಂಗಾತ ಅಲ್ಲ, ಮಗ್ಗುಲಾಗಿ ಮಲಗಿದೆ,
ಕಿವಿ ನೆಲದ ತಗಡಿಗೆ.
ವೆನಿಲ್ಲಾ, ಯೀಸ್ಟು, ಸುಟ್ಟ ಸಕ್ಕರೆ;
ಇಷ್ಟು ಒಳ್ಳೆಯ ವಾಸನೆಯಲ್ಲಿ ನಾನೆಂದೂ ತಪ್ಪು ಹುಡುಕಿರಲಿಲ್ಲ.
"ನಲವತ್ತೆಂಟು," ಅವಳು ಕೂಗಿದಳು. "ಐವತ್ತು. ಈಗ ನೋಡು."

ಬಂತು.
ಕಿವಿಗಲ್ಲ, ಮೊದಲು ದವಡೆಗೆ ಬಂತು,
ಆಮೇಲೆ ಸದ್ದು: ಹೂಂ, ಹೂಂ, ಹೂಂ,
ಯಾರೋ ಹೇಳುತ್ತಿರುವ ಕಥೆಗೆ
ಕತ್ತಲಲ್ಲಿ ಕೂತು ಹೂಂಗುಟ್ಟುವವರ ಹಾಗೆ.
ಅರವತ್ತಕ್ಕೆ ಅವರಿಗೆ ನಿದ್ದೆ ಹತ್ತಿತು.

ಕಥೆ ನನ್ನದೇ.
ಮಾರ್ಚ್ ಒಂಬತ್ತು, ಸಂಜೆ, ಕರೆಂಟು ಹೋಗಿತ್ತು.
ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮುಂಚೆ
ಎರಡು ಫ್ಲ್ಯಾಂಜಿಗೂ ಸೇರಿಸಿ ಒಂದು ಗೆರೆ ಎಳೆಯುವುದು ನನ್ನ ಪದ್ಧತಿ,
ಮಗಳ ನೇಲ್ ಪಾಲಿಶ್ ಸೀಸೆ ಅದಕ್ಕೇ ಟೂಲ್ ಬಾಕ್ಸಿನಲ್ಲಿದೆ.
ಅವತ್ತು ಮುಚ್ಚಳ ತಿರುಗಲಿಲ್ಲ.
ಶಾಫ್ಟ್ ಹಿಡಿದು ಧರಣೇಂದ್ರ ಕೇಳಿದ್ದ,
"ಅಣ್ಣಾ, ಗುರುತು ಯಾವ ಕಡೆಗೆ?"
ಹದಿನೇಳರ ಹುಡುಗ, ಕೈ ತುಂಬ ಗ್ರೀಸು.
ನಾನಂದೆ: ನಾಲ್ಕು ಬೋಲ್ಟು, ನಾಲ್ಕು ತೂತು,
ಹೆಂಗಾಕಿದ್ರೂ ಕೂರುತ್ತೆ, ಹಾಕೋ.
ಕೂತಿತು.

ವಾಪಸು ಬರುವಾಗ ಒಂದು ಫರ್ಲಾಂಗಿನಷ್ಟು ದೂರ
ತಪ್ಪು ಹುಡುಗನದು ಎಂದು ಹೇಳುವ ಮಾತು ಬಾಯಲ್ಲೇ ಇತ್ತು,
ಬಬಲ್ ಗಮ್ಮಿನ ಹಾಗೆ. ನುಂಗಿದೆ.
"ನಾನೇ ಉಲ್ಟಾ ಹಾಕಿದೀನಿ ಅಕ್ಕಾ."
ಅವಳು ಕನ್ನಡಿಯಲ್ಲಿ ನನ್ನ ನೋಡಿದಳು,
ಏನೂ ಅನ್ನದೆ ಇಂಡಿಕೇಟರ್ ಹಾಕಿದಳು.

ಕಾಲು ಸುತ್ತು ತಿರುಗಿಸಿ ಹಾಕಿದೆವು: ಇನ್ನೂ ಜಾಸ್ತಿ.
ಮತ್ತೆ ಬಿಚ್ಚಿ ಅರ್ಧ ಸುತ್ತು.
ಮಧ್ಯಾಹ್ನದ ಊಟ ಹೋಯಿತು, ಅವಳ ಆಲೂರು ಲೈನೂ ಹೋಯಿತು.
ಈ ಸಲ ಐವತ್ತೆರಡು ಬಂತು, ಐವತ್ತಾರು ಬಂತು,
ಟ್ರೇಗಳು ಬಾಯಿ ಮುಚ್ಚಿಕೊಂಡು ಕೂತಿದ್ದವು.

ಆ ನಿಶ್ಶಬ್ದದಲ್ಲಿ ಎಡಬಾಗಿಲಿನ ಒಳಗೆಲ್ಲೋ
ಟಿಕ್, ಟಿಕ್.
ನಾನು ಬೆಚ್ಚಿ ತಲೆ ಎತ್ತಿದೆ.
"ಅದು ಬಿಡು," ಅಂದಳು ಪುಟ್ಟಲಕ್ಷ್ಮಕ್ಕ,
"ಅದು ಮೊದಲೇ ಇತ್ತು."

ದುಡ್ಡು ಬೇಡ ಅಂದೆ. ಅವಳೂ ಕೊಡಲು ಹೊರಟಿರಲಿಲ್ಲ.
ಒಂದು ದಿಲ್‌ಪಸಂದ್ ಕೈಗಿಟ್ಟು ಬಿಲ್ ಪುಸ್ತಕದಲ್ಲಿ ಬರೆದುಕೊಂಡಳು,
ನನ್ನ ಹೆಸರು, ಎದುರಿಗೆ ಬಾಕಿ.

ಒಳಗೆ ಧರಣೇಂದ್ರ ನೇಲ್ ಪಾಲಿಶ್ ಮುಚ್ಚಳವನ್ನು
ಪ್ಲೈಯರಿನಲ್ಲಿ ತಿರುಗಿಸುತ್ತಿದ್ದ.